ಮನೆಯೊಳಗಿನ ಹೊರಗಿನವಳು

ಮ್ಯಾಂಗೋ, ಕರಿ, ಟೀಕ್, ಕೆಟಮರಾನ್. ಇಂಗ್ಲಿಷಿನವರು ದಿನವೂ ಬಳಸುವ ಈ ಪದಗಳು ನಮ್ಮ ದಕ್ಷಿಣದ ಕರಾವಳಿಯಿಂದ ಹಡಗು ಹತ್ತಿ ಹೋದವು ಎಂದು ಅಮೆರಿಕದ ಸಹೋದ್ಯೋಗಿಗಳಿಗೆ ಹೇಳುವಾಗ ನಮಗೆಲ್ಲ ಒಳಗೊಳಗೇ ಹೆಮ್ಮೆ. ಅದೇ ಹಡಗುಗಳಲ್ಲಿ ಹೋದ ಇನ್ನೊಂದು ಪದವಿದೆ. ಅದರ ಬಗ್ಗೆ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಅದನ್ನು ‘ಪರಾಯಾ’ ಎಂದು ಉಚ್ಚರಿಸುತ್ತಾರೆ. ಯಾವುದಾದರೂ ದೇಶವನ್ನು ಉಳಿದ ದೇಶಗಳು ದೂರವಿಟ್ಟಾಗ, ಯಾವುದಾದರೂ ಕಂಪನಿಯ ಜೊತೆ ಬ್ಯಾಂಕುಗಳು ವ್ಯವಹಾರ ನಿಲ್ಲಿಸಿದಾಗ ಪತ್ರಿಕೆಗಳು ಈ ಪದವನ್ನು ಬಳಸುತ್ತವೆ. ಯಾರಿಗೂ ಬೇಡವಾದವರು, ಬಹಿಷ್ಕೃತರು ಎಂದು ಅರ್ಥ. ಲೆಕ್ಕಪರಿಶೋಧನೆ ನನ್ನ ಕಸುಬಾದ್ದರಿಂದ ವಾಣಿಜ್ಯ ಪುಟಗಳಲ್ಲಿ ಈ ಪದವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಇದೇ ಪದವನ್ನು ಹೆಸರಾಗಿಟ್ಟುಕೊಂಡು 2011ರಲ್ಲಿ ಒಂದು ಅಮೆರಿಕನ್ ಸಿನಿಮಾ ಬಂತು. ನಿರ್ದೇಶಕಿ ಡೀ ರೀಸ್. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದೆ, ತಾಯಿ, ತಂಗಿಯ ಜೊತೆ ಇರುವ, ಕವಿತೆ ಬರೆಯುವ, ಹುಡುಗಿಯರನ್ನು ಪ್ರೀತಿಸುವ ಹದಿನೇಳರ ಕಪ್ಪು ಹುಡುಗಿ ಅಲೀಕೆಯ ಕಥೆ. ನ್ಯೂಜೆರ್ಸಿಯಲ್ಲಿ ನಾವು ಏಳೆಂಟು ಕನ್ನಡತಿಯರು ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಪುಸ್ತಕ ಓದುವುದೋ ಸಿನಿಮಾ ನೋಡುವುದೋ ಮಾಡುತ್ತೇವೆ. ಅಲ್ಲಿ ಈ ಹೆಸರು ಕೇಳಿದೊಡನೆ ಒಬ್ಬರು, “ಹಿಂದಿ ಪಿಚ್ಚರ್ ಏನ್ರೀ? ಅಪ್ನಾ, ಪರಾಯಾ ಅಂತಾರಲ್ಲ, ಅದೇ ತಾನೆ?” ಎಂದರು. ಎಲ್ಲರೂ ನಕ್ಕೆವು. ಹಿಂದಿಯ ‘ಪರಾಯಾ’ ಬೇರೆ, ಇದು ಬೇರೆ. ಇದರ ಬೇರು ತಮಿಳಿನಲ್ಲಿದೆ, ಕನ್ನಡಕ್ಕೂ ಅದು ನೆಂಟ. ಆ ಬೇರನ್ನು ಹಿಡಿದು ಹೋದರೆ ಈ ಸಿನಿಮಾ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ ಎಂದು ನನಗೆ ಆಮೇಲೆ ತೋರಿತು. ಈ ಬರಹ ಅದಕ್ಕಾಗಿ.

ತಮಿಳಿನಲ್ಲಿ ‘ಪರೈ’ ಎಂದರೆ ಚರ್ಮವಾದ್ಯ. ಹಳಗನ್ನಡದಲ್ಲಿ ‘ಪಱೆ’, ಆಮೇಲೆ ‘ಹರೆ’. ಆ ವಾದ್ಯ ಬಾರಿಸುತ್ತಿದ್ದವರಿಂದ ಪರೈಯರ್ ಎಂಬ ಸಮುದಾಯದ ಹೆಸರು ಬಂತು ಎಂಬುದು ಹೆಚ್ಚಿನವರು ಹೇಳುವ ವಿವರಣೆ. ದಾವಣಗೆರೆ ಕಡೆಯ ನಮ್ಮೂರ ಜಾತ್ರೆಯಲ್ಲೂ ಹಲಗೆ ಬಾರಿಸುವವರು ಬಾರದೆ ದೇವರ ಉತ್ಸವ ಹೊರಡುತ್ತಿರಲಿಲ್ಲ. ಬಾರಿಸಿದವರು ಮಾತ್ರ ಗುಡಿಯ ಒಳಗೆ ಬರುವಂತಿರಲಿಲ್ಲ. ಸದ್ದು ಬೇಕು, ಸದ್ದು ಮಾಡಿದ ಕೈ ಬೇಡ. ಈ ಪದದ ಒಳಗಿರುವ ನೋವು ಕನ್ನಡದವರಿಗೆ ಯಾರೂ ಅನುವಾದಿಸಿ ಹೇಳಬೇಕಾದ್ದಲ್ಲ.

ಮಲಬಾರಿನಲ್ಲಿದ್ದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ 1516ರ ಸುಮಾರಿಗೆ ಬರೆದ ತನ್ನ ವಿವರಗಳಲ್ಲಿ ಈ ಸಮುದಾಯದ ಹೆಸರು ಬರೆದಿಟ್ಟ. ಮುಂದೆ ಅದು ಇಂಗ್ಲಿಷಿಗೆ, ಫ್ರೆಂಚಿಗೆ ಹೋಯಿತು. ಯೂರೋಪಿನವರ ಕೈಗೆ ಸಿಕ್ಕಿದ ಮೇಲೆ ಪದದ ಅರ್ಥ ಸದ್ದಿಲ್ಲದೆ ಬದಲಾಯಿತು. ಹೆಸರು ಇದ್ದದ್ದು ಒಂದು ಇಡೀ ಸಮುದಾಯಕ್ಕೆ. ಅದಕ್ಕೆ ಕೇರಿ ಇತ್ತು, ಕುಲದೇವರಿದ್ದರು, ನೆಂಟರಿಷ್ಟರಿದ್ದರು, ಒಳಗಿನ ಮೇಲುಕೀಳೂ ಇತ್ತು. ಯೂರೋಪಿನಲ್ಲಿ ಅದು ಯಾವ ಜಾತಿಯೂ ಇಲ್ಲದ, ಎಲ್ಲರಿಂದ ಹೊರದೂಡಲ್ಪಟ್ಟ ಒಂಟಿ ಮನುಷ್ಯನ ಹೆಸರಾಯಿತು. 1791ರಲ್ಲಿ ಫ್ರೆಂಚ್ ಲೇಖಕ ಬರ್ನಾರ್ದಿನ್ ದ ಸೇಂಟ್-ಪಿಯೆರ್ ಕಾಡಿನ ಗುಡಿಸಲಲ್ಲಿ ವಾಸಿಸುವ ಇಂಥ ಒಬ್ಬನನ್ನು ಕಥಾನಾಯಕನಾಗಿ ಮಾಡಿ ಬರೆದ. 1824ರಲ್ಲಿ ಜರ್ಮನಿಯ ಗಯಟೆಯೂ ಈ ಹೆಸರಿನಲ್ಲೇ ಕವಿತೆಗಳನ್ನು ಪ್ರಕಟಿಸಿದ. ಈ ಬಳಕೆ ತಪ್ಪು, ಪರೈಯರ್ ಎಂದರೆ ಜಾತಿಯಿಂದ ಹೊರಹಾಕಲ್ಪಟ್ಟವರಲ್ಲ ಎಂದು 1886ರಲ್ಲಿ ಬಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಸ್ಪಷ್ಟವಾಗಿ ಹೇಳಿತು. ಆದರೆ ಅಷ್ಟು ಹೊತ್ತಿಗೆ ಪದ ಕೈ ಮೀರಿ ಹೋಗಿತ್ತು.

ಹೀಗೆ ಹೋದ ಪದವನ್ನು ಒಬ್ಬ ಹೆಂಗಸು ತನ್ನ ಹೆಸರಾಗಿ ತೆಗೆದುಕೊಂಡಳು. ಫ್ಲೋರಾ ತ್ರಿಸ್ತಾನ್ ಎಂಬ ಫ್ರೆಂಚ್ ಲೇಖಕಿ ಗಂಡನನ್ನು ಬಿಟ್ಟು ಬಂದವಳು. ಆಗಿನ ಫ್ರಾನ್ಸಿನಲ್ಲಿ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಅಂಥವಳಿಗೆ ಸಮಾಜದಲ್ಲಿ ಜಾಗವೂ ಇರಲಿಲ್ಲ. 1838ರಲ್ಲಿ ಆಕೆ ತನ್ನ ಪೆರು ದೇಶದ ಪ್ರವಾಸದ ಪುಸ್ತಕ ಬರೆದಾಗ, ಇದು ಒಬ್ಬ ‘ಪರಾಯಾ’ಳ ಅಲೆದಾಟ ಎಂದೇ ಹೆಸರಿಟ್ಟಳು. ಇನ್ನೊಬ್ಬರು ಬೆನ್ನ ಹಿಂದೆ ಹೇಳುತ್ತಿದ್ದುದನ್ನು ತಾನೇ ಪುಸ್ತಕದ ಮೇಲೆ ಅಚ್ಚು ಹಾಕಿಸಿದಳು.

ಇದಕ್ಕಿಂತ ದೊಡ್ಡ ಧೈರ್ಯದ ಕೆಲಸ ನಡೆದದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ. 1893ರಲ್ಲಿ ರೆಟ್ಟೈಮಲೈ ಶ್ರೀನಿವಾಸನ್ ಅವರು ‘ಪರೈಯನ್’ ಎಂಬ ಹೆಸರಿನಲ್ಲೇ ಪತ್ರಿಕೆ ಶುರು ಮಾಡಿದರು. ಇವರೇ ಮುಂದೆ ಅಂಬೇಡ್ಕರ್ ಅವರ ಜೊತೆ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋದವರು. ಬೈಗುಳವಾಗಿ ಕೇಳಿಸಿಕೊಂಡ ಹೆಸರನ್ನು ತಲೆಬರಹವಾಗಿ ಹಾಕಿದರೆ ಬೈಯುವವನ ಕೈಯಲ್ಲಿ ಏನು ಉಳಿಯಿತು? ಮೂರು ದಶಕದ ನಂತರ, 1922ರಲ್ಲಿ, ಎಂ.ಸಿ. ರಾಜಾ ಅವರು ಮದ್ರಾಸ್ ಶಾಸನ ಪರಿಷತ್ತಿನಲ್ಲಿ ಇದಕ್ಕೆ ಪೂರ್ತಿ ಎದುರಾದ ದಾರಿ ಹಿಡಿದರು. ಸರ್ಕಾರಿ ದಾಖಲೆಗಳಲ್ಲಿ ಆ ಹೆಸರೇ ಬೇಡ, ‘ಆದಿದ್ರಾವಿಡ’ ಎಂದು ಬರೆಯಿರಿ ಎಂದು ನಿರ್ಣಯ ತಂದರು. ಒಬ್ಬರು ಹೆಸರನ್ನು ಎತ್ತಿ ಹಿಡಿದರು, ಇನ್ನೊಬ್ಬರು ಕಿತ್ತು ಬಿಸಾಡಿದರು. ಎರಡೂ ಒಂದೇ ಹೋರಾಟ. ನಮ್ಮ ಹೆಸರು ಏನೆಂದು ನಾವೇ ಹೇಳುತ್ತೇವೆ ಎನ್ನುವುದು ಅದರ ತಿರುಳು.

ಯೂರೋಪಿನಲ್ಲಿ ಈ ಪದಕ್ಕೆ ಇನ್ನೊಂದು ತಿರುವು ಕೊಟ್ಟವಳು ಹನ್ನಾ ಅರೆಂಟ್. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದ ಯಹೂದಿ ಚಿಂತಕಿ. 1944ರ ಒಂದು ಪ್ರಬಂಧದಲ್ಲಿ ಆಕೆ ಹೊರಗಿನವರ ಮುಂದೆ ಇರುವ ಎರಡು ದಾರಿಗಳನ್ನು ತೋರಿಸಿದಳು. ಮೊದಲನೆಯದು ತನ್ನತನ ಮುಚ್ಚಿಟ್ಟು, ಒಳಗಿನವರಂತೆ ಉಟ್ಟು, ಮಾತಾಡಿ, ಹೇಗಾದರೂ ಒಳಗೆ ಸೇರಿಕೊಳ್ಳುವುದು. ಎರಡನೆಯದು ನಾನು ಹೊರಗಿನವಳು ಹೌದು ಎಂದು ಒಪ್ಪಿಕೊಂಡು, ಅದಕ್ಕೆ ಕಾರಣರಾದವರನ್ನು ಎದುರಿಸುವುದು. ಎರಡನೆಯ ದಾರಿಯವರನ್ನು ಆಕೆ ಎಚ್ಚೆತ್ತ ‘ಪರಾಯಾ’ ಎಂದು ಕರೆದಳು. ಆ ಮಾತು ಆಕೆಗೆ ಬಂದದ್ದು ಬರ್ನಾರ್ ಲಜಾರ್ ಎಂಬ ಫ್ರೆಂಚ್ ಬರಹಗಾರನಿಂದ.

ಇಷ್ಟು ತಿಳಿದು ಡೀ ರೀಸ್ ಅವರ ಸಿನಿಮಾಕ್ಕೆ ಬಂದರೆ, ಅದರ ಮೊದಲ ಭಾಗದಲ್ಲೇ ಆ ಮೊದಲ ದಾರಿ ಕಣ್ಣಿಗೆ ಬೀಳುತ್ತದೆ. ಅಲೀಕೆ ಗೆಳತಿ ಲಾರಾಳ ಜೊತೆ ಹುಡುಗಿಯರ ಕ್ಲಬ್ಬಿಗೆ ಹೋಗಿ ತಡರಾತ್ರಿ ಬಸ್ಸಿನಲ್ಲಿ ಮನೆಗೆ ಬರುತ್ತಾಳೆ. ಬಸ್ಸಿನಲ್ಲಿ ಒಬ್ಬಳೇ ಉಳಿದಾಗ ಟೋಪಿ ತೆಗೆಯುತ್ತಾಳೆ, ದೊಗಲೆ ಅಂಗಿ ತೆಗೆಯುತ್ತಾಳೆ, ಕಿವಿಗೆ ಓಲೆ ಹಾಕಿಕೊಳ್ಳುತ್ತಾಳೆ. ಮನೆ ಹತ್ತಿರ ಬರುವಷ್ಟರಲ್ಲಿ ಅಮ್ಮನಿಗೆ ಬೇಕಾದ ಮಗಳು ತಯಾರು. ಒಂದೂ ಮಾತಿಲ್ಲದೆ ಆ ಹುಡುಗಿಯ ದಿನದಿನದ ಬದುಕು ತಿಳಿದುಬಿಡುತ್ತದೆ.

ಪರೈಯರ್ ಕೇರಿಯ ಮಗುವಿಗೂ ಅಲೀಕೆಗೂ ಇರುವ ವ್ಯತ್ಯಾಸ ಇಲ್ಲಿದೆ. ಆ ಮಗುವಿಗೆ ಊರು ಬಾಗಿಲು ಹಾಕಿತು, ಬಾವಿಯ ನೀರು ಕೊಡಲಿಲ್ಲ. ಅದು ಅಳುತ್ತ ಮನೆಗೆ ಬಂದರೆ ಅಲ್ಲಿ ತಾಯಿಯ ಮಡಿಲಿತ್ತು. ತಾಯಿಯೂ ಅದೇ ಅವಮಾನ ಉಂಡವಳು. ಅಮೆರಿಕದ ಕಪ್ಪು ಜನರಿಗೂ ಹಾಗೆಯೇ. ಹೊರಗಿನ ಬಿಳಿಯರ ಜಗತ್ತು ಎಷ್ಟು ಕಟುವಾದರೂ ಮನೆ ಮತ್ತು ಚರ್ಚು ಅವರನ್ನು ಕಾಪಾಡಿದವು. ಅಲೀಕೆಯ ಸಂಕಟವೆಂದರೆ ಆ ಕೊನೆಯ ಆಸರೆಯೇ ಅವಳ ಪಾಲಿಗೆ ಇಲ್ಲದಿರುವುದು. ಹೊರಗೆ ಅವಳು ಒಂದಿಷ್ಟು ಹೊತ್ತು ಅವಳಾಗಿರಬಹುದು. ಮನೆಗೆ ಬಂದರೆ ವೇಷ ಹಾಕಬೇಕು.

ತಾಯಿ ಆಡ್ರಿಯ ಪಾತ್ರವನ್ನು ಕಿಮ್ ವಾಯನ್ಸ್ ಮಾಡಿದ್ದಾರೆ. ನಗಿಸುವ ಪಾತ್ರಗಳಿಗೆ ಹೆಸರಾದ ನಟಿ, ಇಲ್ಲಿ ಎದೆ ಹಿಂಡುತ್ತಾರೆ. ಆಡ್ರಿ ಮಗಳಿಗೆ ಹುಡುಗಿಯರ ಬಟ್ಟೆ ತಂದುಕೊಡುತ್ತಾಳೆ, ಚರ್ಚಿಗೆ ಕರೆದೊಯ್ಯುತ್ತಾಳೆ. ಲಾರಾಳ ಸಹವಾಸ ಬಿಡಿಸಲೆಂದು ತನಗೆ ಗೊತ್ತಿರುವವರ ಮಗಳು ಬೀನಾಳ ಸ್ನೇಹ ಮಾಡಿಸುತ್ತಾಳೆ. ಅಲೀಕೆಗೆ ಮೊದಲ ಪ್ರೀತಿ ಹುಟ್ಟುವುದು ಆ ಬೀನಾಳ ಮೇಲೆಯೇ. ಬೀನಾಳಿಗೆ ಅದು ಒಂದು ರಾತ್ರಿಯ ಆಟ. ಅಲೀಕೆಗೆ ಹಾಗಲ್ಲ. ಪೊಲೀಸ್ ಪತ್ತೇದಾರನಾದ ತಂದೆ ಆರ್ಥರ್ ಮಗಳನ್ನು ಬಹಳ ಪ್ರೀತಿಸುತ್ತಾನೆ. ಅವನಿಗೆ ಒಳಗೊಳಗೆ ಎಲ್ಲ ಗೊತ್ತು, ಆದರೆ ಗೊತ್ತಾಗುವುದು ಬೇಡ. ದಿನವೂ ಬೇರೆಯವರ ಗುಟ್ಟು ಹುಡುಕುವ ಮನುಷ್ಯ ತನ್ನ ಮನೆಯಲ್ಲಿ ಮಾತ್ರ ಏನನ್ನೂ ಕೇಳುವುದಿಲ್ಲ. ತಂಗಿ ಷರೋಂಡಾ ಒಬ್ಬಳೇ ಜಗಳದ ರಾತ್ರಿ ಅಕ್ಕನ ಹಾಸಿಗೆಗೆ ಬಂದು, ತನಗೆ ಅದರಿಂದ ಏನೂ ವ್ಯತ್ಯಾಸವಿಲ್ಲ ಎಂದು ತಿಳಿಸುವವಳು.

ಲೆಕ್ಕಪತ್ರದಲ್ಲಿ ‘ಸಸ್ಪೆನ್ಸ್ ಖಾತೆ’ ಎಂದು ಒಂದಿರುತ್ತದೆ. ಬಿ.ಕಾಂ. ಓದಿದವರಿಗೆಲ್ಲ ಗೊತ್ತು. ಎಲ್ಲಿ ಬರೆಯಬೇಕೆಂದು ತಿಳಿಯದ ಮೊತ್ತವನ್ನು ಅಲ್ಲಿ ಹಾಕಿಟ್ಟರೆ ಸದ್ಯಕ್ಕೆ ತಾಳೆಪಟ್ಟಿ ತಾಳೆಯಾಗುತ್ತದೆ. ಅಲೀಕೆಯ ಮನೆಯವರು ಮಗಳ ವಿಷಯವನ್ನು ಹೀಗೆ ವರ್ಷಗಟ್ಟಲೆ ಸಸ್ಪೆನ್ಸ್ ಖಾತೆಯಲ್ಲಿ ಇಟ್ಟಿದ್ದಾರೆ. ಒಂದು ರಾತ್ರಿ ಗಂಡಹೆಂಡತಿಯ ಜಗಳದ ನಡುವೆ ಅದು ಹೊರಬರುತ್ತದೆ. ಮಗಳು ತಾನೇನೆಂದು ಬಾಯಿಬಿಟ್ಟು ಹೇಳುತ್ತಾಳೆ. ತಾಯಿ ಮಗಳನ್ನು ಹೊಡೆಯುತ್ತಾಳೆ. ಅಲೀಕೆ ಲಾರಾಳ ಮನೆಗೆ ಹೋಗುತ್ತಾಳೆ.

ಇಂಥ ಕಥೆಗೆ ಅಮೆರಿಕನ್ ಸಿನಿಮಾ ಹಿಂದೆ ಏನು ಮಾಡುತ್ತಿತ್ತು ಎಂಬುದನ್ನು ನೆನೆದರೆ ಮುಂದಿನ ಭಾಗದ ಬೆಲೆ ತಿಳಿಯುತ್ತದೆ. 1934ರಿಂದ ಹಾಲಿವುಡ್ ಕಟ್ಟುನಿಟ್ಟಾಗಿ ಪಾಲಿಸಿದ ನಿಯಮಾವಳಿ, ಸಲಿಂಗಪ್ರೇಮದ ಸುಳಿವನ್ನೂ ತೆರೆಯ ಮೇಲೆ ತರಬಾರದು ಎಂದಿತ್ತು. 1961ರಲ್ಲಿ ಆ ನಿಯಮ ಸ್ವಲ್ಪ ಸಡಿಲವಾಯಿತು. ಅದೇ ವರ್ಷ ವಿಲಿಯಂ ವೈಲರ್ ‘ದ ಚಿಲ್ಡ್ರನ್ಸ್ ಅವರ್’ ತೆಗೆದರು. ಅದರಲ್ಲಿ ಗೆಳತಿಯನ್ನು ಪ್ರೀತಿಸುತ್ತೇನೆಂದು ಒಪ್ಪಿಕೊಳ್ಳುವ ಶಿಕ್ಷಕಿ ನೇಣು ಹಾಕಿಕೊಳ್ಳುತ್ತಾಳೆ. ಮಾತಾಡಲು ಅನುಮತಿ ಸಿಕ್ಕಿತು, ಬದುಕಲು ಸಿಗಲಿಲ್ಲ. ಕಪ್ಪು ಹುಡುಗಿಯರಿಗಂತೂ ಇನ್ನೂ ಬಹಳ ಕಾಲ ಕಾಯಬೇಕಾಯಿತು. ಷೆರಿಲ್ ಡೂನಿಯೆ ಅವರ ‘ದ ವಾಟರ್‌ಮೆಲನ್ ವುಮನ್’ ಬಂದದ್ದು 1996ರಲ್ಲಿ. ಕಪ್ಪು ಲೆಸ್ಬಿಯನ್ ನಿರ್ದೇಶಕಿಯೊಬ್ಬಳ ಮೊದಲ ಪೂರ್ಣ ಪ್ರಮಾಣದ ಕಥಾಚಿತ್ರವೆಂದು ಅದನ್ನು ಗುರುತಿಸುತ್ತಾರೆ.

ಡೀ ರೀಸ್ ಅವರ ಹಿನ್ನೆಲೆ ನನ್ನಂಥವರಿಗೆ ಹತ್ತಿರದ್ದು. ಎಂ.ಬಿ.ಎ. ಓದಿ ಕಂಪನಿಗಳಲ್ಲಿ ಮಾರ್ಕೆಟಿಂಗ್ ಕೆಲಸದಲ್ಲಿದ್ದು, ಅದನ್ನು ಬಿಟ್ಟು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಕಲಿಯಲು ಹೋದವರು. ಅಲ್ಲಿ ಪಾಠ ಹೇಳುತ್ತಿದ್ದ ಸ್ಪೈಕ್ ಲೀ ಅವರ ಚಿತ್ರಗಳಲ್ಲಿ ತರಬೇತಿ ಪಡೆದರು. ಇದೇ ಕಥೆಯನ್ನು 2007ರಲ್ಲಿ ಕಿರುಚಿತ್ರವಾಗಿ ಮಾಡಿದರು. ದೊಡ್ಡ ಚಿತ್ರವಾದಾಗ ಅಲೀಕೆಯ ಪಾತ್ರಕ್ಕೆ ಅದೇ ನಟಿ, ಅಡೆಪೆರೊ ಒಡೂಯೆ. ನೈಜೀರಿಯಾದಿಂದ ವಲಸೆ ಬಂದ ತಂದೆತಾಯಿಯ ಮಗಳು. ಚಿತ್ರೀಕರಣ ಮುಗಿದದ್ದು ಮೂರು ವಾರದೊಳಗೆ. ಖರ್ಚು ಎಷ್ಟೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. 2012ರಲ್ಲಿ ಈ ಚಿತ್ರಕ್ಕೆ ಜಾನ್ ಕಸಾವೆಟಿಸ್ ಪ್ರಶಸ್ತಿ ಬಂತು. ಅದು 5 ಲಕ್ಷ ಡಾಲರ್ ಒಳಗಿನ ಖರ್ಚಿನಲ್ಲಿ ತೆಗೆದ ಚಿತ್ರಕ್ಕೆ ಮಾತ್ರ ಕೊಡುತ್ತಿದ್ದ ಪ್ರಶಸ್ತಿ. 2011ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ತೋರಿಸಿದಾಗ ಬ್ರಾಡ್‌ಫೋರ್ಡ್ ಯಂಗ್ ಅವರ ಛಾಯಾಗ್ರಹಣಕ್ಕೆ ಬಹುಮಾನ ಸಿಕ್ಕಿತು. ಡಿಸೆಂಬರ್ 28ರಂದು ಚಿತ್ರಮಂದಿರಗಳಿಗೆ ಬಂತು. ಅಮೆರಿಕದಲ್ಲಿ ಗಳಿಸಿದ್ದು 8 ಲಕ್ಷ ಡಾಲರಿಗಿಂತ ಕಡಿಮೆ.

ಆ ಜನವರಿಗೂ ಆ ಡಿಸೆಂಬರಿಗೂ ನಡುವೆ ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ಸಂಗತಿ ನಡೆಯಿತು. ಜೂನ್ 24ರಂದು ರಾಜ್ಯದ ಶಾಸನಸಭೆ ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ತಿಂಗಳಲ್ಲಿ ಕಾನೂನು ಜಾರಿಗೆ ಬಂತು. ಅಂದರೆ ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಬ್ರೂಕ್ಲಿನ್ನಿನ ಅಲೀಕೆಯಂಥವಳು ದೊಡ್ಡವಳಾದ ಮೇಲೆ ಮದುವೆಯಾಗಬಹುದಿತ್ತು. ಅವಳ ಕಥೆ ಅದರಿಂದ ಹಳತಾಯಿತೇ? ಇಲ್ಲ. ನಗರಸಭೆಯ ಕಚೇರಿಯಲ್ಲಿ ಸಿಗುವ ಕಾಗದದಿಂದ ಅಡಿಗೆಮನೆಯಲ್ಲಿ ಕೂತ ಅಮ್ಮನ ಮುಖ ಬದಲಾಗುವುದಿಲ್ಲ.

ಭಾರತದಲ್ಲೂ ಹೀಗೇ. ದಂಡಸಂಹಿತೆಯ 377ನೇ ಕಲಮನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಗಿ ಮಾಡಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಇತಿಹಾಸವು ಈ ಜನರ ಕ್ಷಮೆ ಕೇಳಬೇಕು ಎಂಬ ಅರ್ಥದ ಮಾತು ಬರೆದರು. ಅಲ್ಲಿಗೆ ನಿಲ್ಲದೆ ಅವರ ಕುಟುಂಬಗಳ ಹೆಸರನ್ನೂ ಸೇರಿಸಿದರು. ಅದನ್ನು ಓದಿದಾಗ ನನಗೆ ಆಡ್ರಿ ನೆನಪಾದಳು. ಅವಮಾನವಾಗುತ್ತದೆಂದು ಹೆದರಿ ಹೆತ್ತ ಮಗಳನ್ನೇ ಕಳೆದುಕೊಂಡ ತಾಯಿಯೂ ಒಂದು ಬಗೆಯಲ್ಲಿ ನಷ್ಟಕ್ಕೊಳಗಾದವಳೇ. 2023ರಲ್ಲಿ ಸಲಿಂಗ ವಿವಾಹದ ಪ್ರಶ್ನೆ ಬಂದಾಗ ಕೋರ್ಟ್ ಒಪ್ಪಿಗೆ ಕೊಡದೆ ಅದನ್ನು ಶಾಸನ ಮಾಡುವವರಿಗೆ ಬಿಟ್ಟಿತು.

ನಮ್ಮ ಗುಂಪಿನಲ್ಲಿ ಸಿನಿಮಾ ಮುಗಿದಾಗ ಚರ್ಚೆಯಾದದ್ದು ಹೆಚ್ಚಾಗಿ ಆಡ್ರಿಯ ಬಗ್ಗೆ. ನಮಗಿಂತ ಹಿರಿಯರೊಬ್ಬರು, “ಆ ತಾಯೀನ ಯಾಕಮ್ಮ ಅಷ್ಟು ಕೆಟ್ಟವಳು ಅಂತ ತೋರಿಸಿದ್ದಾರೆ? ಮಗಳಿಗೆ ಒಳ್ಳೇದಾಗ್ಲಿ ಅಂತ ತಾನೆ ಅವಳು ಒದ್ದಾಡಿದ್ದು?” ಎಂದರು. ನನಗೆ ಅವಳು ಕೆಟ್ಟವಳಾಗಿ ಕಾಣಲಿಲ್ಲ. ಗಂಡ ಮನೆಯಲ್ಲಿದ್ದೂ ದೂರ, ಗಟ್ಟಿಯಾಗಿ ಹಿಡಿದುಕೊಳ್ಳಲು ಚರ್ಚು ಒಂದೇ. ಮಗಳಿಗೆ ಕೊಂಡು ತಂದ ಪ್ರತಿಯೊಂದು ಬಟ್ಟೆಯಲ್ಲೂ ಪ್ರೀತಿಯಿದೆ. ಆದರೆ ಆ ಬಟ್ಟೆ ಮಗಳ ಅಳತೆಯದಲ್ಲ. ನಾನು ಇಷ್ಟು ಹೇಳಿದಾಗ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಲ್ಲಿ ಯಾರ ಮಗಳಾದ್ರೂ ಹೀಗೆ ಬಂದು ಹೇಳಿದ್ರೆ ನಾವೇನು ಮಾಡ್ತಿದ್ವಿ?” ಎಂದು ಕೇಳಿದರು. ಅಡಿಗೆಮನೆಯಲ್ಲಿ ಚಹಾ ಕುದಿಯುತ್ತಿತ್ತು. ಯಾರೂ ಎದ್ದು ಹೋಗಲಿಲ್ಲ, ಯಾರೂ ಉತ್ತರ ಕೊಡಲಿಲ್ಲ. ನನಗೂ ಹದಿನಾರರ ಮಗಳಿದ್ದಾಳೆ.

ಅರೆಂಟ್ ಹೇಳಿದ ಮೊದಲ ದಾರಿಯಲ್ಲಿ ನಾವು ವಲಸಿಗರು ಪಳಗಿದವರು. ಆಫೀಸಿಗೆ ಒಂದು ಉಚ್ಚಾರ, ಮನೆಗೆ ಒಂದು. ಊಟದ ಡಬ್ಬಿಯ ವಾಸನೆ ಬರದಂತೆ ಎಚ್ಚರ, ಹೆಸರನ್ನು ಅರ್ಧಕ್ಕೆ ಕತ್ತರಿಸಿ ಅವರ ನಾಲಿಗೆಗೆ ಹೊಂದಿಸುವುದು. ಅಲೀಕೆ ಬಸ್ಸಿನಲ್ಲಿ ಬಟ್ಟೆ ಬದಲಿಸುವುದು ನಮಗೆ ಹೊಸದಲ್ಲ, ನಾವು ಹೋಗುವ ದಿಕ್ಕು ಮಾತ್ರ ಬೇರೆ. ನಾವು ವೇಷ ಕಳಚುವುದು ಮನೆಗೆ ಬಂದ ಮೇಲೆ. ನಮ್ಮ ಮಕ್ಕಳಲ್ಲಿ ಒಬ್ಬರಿಗಾದರೂ ಮನೆಯೇ ವೇಷ ಹಾಕುವ ಜಾಗವಾಗಿದ್ದರೆ, ನಾವು ಇಷ್ಟು ದೂರ ಬಂದು ಕಟ್ಟಿದ ಮನೆ ಯಾರಿಗಾಗಿ? ಮೇಲ್ಜಾತಿಯ ಮನೆಗಳಲ್ಲಿ ಬೆಳೆದು ಬಂದ ನನ್ನಂಥವರು ಇನ್ನೊಂದನ್ನೂ ನೆನಪಿಡಬೇಕು. ಹೊರಗೆ ನಿಲ್ಲಿಸುವ ವಿದ್ಯೆಯನ್ನು ಜಗತ್ತಿಗೆ ಒಂದು ಪದವಾಗಿ ಕೊಟ್ಟ ನಾಡಿನಿಂದ ನಾವು ಬಂದಿದ್ದೇವೆ. ಆ ವಿದ್ಯೆ ಹೊಸ್ತಿಲು ದಾಟಿ ಒಳಗೆ ಬರಲು ಹೆಚ್ಚು ಹೊತ್ತು ಬೇಡ.

ಕನ್ನಡದಲ್ಲಿ ಈ ಮೌನ ಒಡೆಯುವ ಕೆಲಸ ಆಗಿಲ್ಲವೆಂದಲ್ಲ. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥೆಗಳು 2013ರಲ್ಲಿ ಬಂದವು. ತಮಿಳಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯಿಂದ ಬಂದ ‘ನಾನು ಅವನಲ್ಲ ಅವಳು’ ಚಿತ್ರದ ನಟನೆಗೆ ಸಂಚಾರಿ ವಿಜಯ್ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಆ ಚಿತ್ರದ ಹೆಸರೂ ಒಬ್ಬಳು ತನ್ನನ್ನು ತಾನೇ ಹೆಸರಿಸಿಕೊಂಡದ್ದೇ ಅಲ್ಲವೇ?

ಡೀ ರೀಸ್ ತಮ್ಮ ನಾಯಕಿಯನ್ನು ಸಾಯಿಸುವುದಿಲ್ಲ. ತಾಯಿಯನ್ನು ಕೊನೆಯ ದೃಶ್ಯಕ್ಕೆ ಒಳ್ಳೆಯವಳಾಗಿ ಮಾಡಿ ನಮ್ಮನ್ನು ಸಮಾಧಾನಪಡಿಸುವುದೂ ಇಲ್ಲ. ಲಾರಾಳ ಕಥೆಯೂ ಹಾಗೆಯೇ. ತಾಯಿಯಿಂದ ದೂರವಾಗಿ ಅಕ್ಕನ ಜೊತೆ ಇರುವ ಅವಳು ಕಷ್ಟಪಟ್ಟು ಓದಿ ಹೈಸ್ಕೂಲಿಗೆ ಸಮನಾದ ಪರೀಕ್ಷೆ ಪಾಸು ಮಾಡಿ, ತಾಯಿಗೆ ಹೇಳಲು ಹೋಗುತ್ತಾಳೆ. ತಾಯಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲೀಕೆಯ ತಂದೆ ಮಹಡಿಯ ಮೇಲೆ ಬಂದು ಮನೆಗೆ ಬಾ ಎಂದು ಕರೆಯುತ್ತಾನೆ. ಅವಳು ಬರುವುದಿಲ್ಲ. ಬರವಣಿಗೆ ಕಲಿಯಲು ಕ್ಯಾಲಿಫೋರ್ನಿಯಾದಲ್ಲಿ ಜಾಗ ಸಿಕ್ಕಿದೆ, ಹೋಗುತ್ತೇನೆ ಎನ್ನುತ್ತಾಳೆ. ಓಡಿಹೋಗುವುದು ಬೇರೆ, ಆರಿಸಿಕೊಂಡು ಹೋಗುವುದು ಬೇರೆ ಎಂಬುದು ಅಷ್ಟು ಹೊತ್ತಿಗೆ ಅವಳಿಗೂ ನಮಗೂ ತಿಳಿದಿರುತ್ತದೆ. ಮದ್ರಾಸಿನ ಇಬ್ಬರು ಹಿರಿಯರು ಮಾಡಿದ ಎರಡೂ ಕೆಲಸಗಳನ್ನು ಈ ಹುಡುಗಿ ಒಟ್ಟಿಗೆ ಮಾಡುತ್ತಾಳೆ. ತಾನು ಏನೆಂದು ತಾನೇ ಹೇಳುತ್ತಾಳೆ, ಇತರರು ಅದಕ್ಕೆ ಅಂಟಿಸಿದ ನಾಚಿಕೆಯನ್ನು ಬಿಟ್ಟು ನಡೆಯುತ್ತಾಳೆ.

2022ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿತು. ದೇಶ ಕಾಪಾಡಿಕೊಳ್ಳಬೇಕಾದವು ಎಂದು ವರ್ಷಕ್ಕೆ 25 ಚಿತ್ರಗಳನ್ನು ಆರಿಸುವ ಪಟ್ಟಿ ಅದು. ಹೊರಗಿಡುವುದಕ್ಕೆ ಬಳಸಿದ ಪದವೊಂದು ಹೀಗೆ ಕಾಪಾಡಬೇಕಾದುದರ ಪಟ್ಟಿಯಲ್ಲಿ ಬಂದು ಕೂತಿದೆ.

ಹೊರಡುವ ಮುಂಚೆ ಅಲೀಕೆ ತಾಯಿಯನ್ನು ನೋಡಲು ಹೋಗುತ್ತಾಳೆ. ನಿನ್ನನ್ನು ಪ್ರೀತಿಸುತ್ತೇನಮ್ಮ ಎನ್ನುತ್ತಾಳೆ. ತಾಯಿ, ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ ಎನ್ನುತ್ತಾಳೆ. ಪ್ರಾರ್ಥನೆ ಒಳ್ಳೆಯದೇ. ನಮ್ಮ ಮನೆಗಳಲ್ಲೂ ಮಕ್ಕಳ ಹೆಸರಿನಲ್ಲಿ ದಿನವೂ ದೀಪ ಹಚ್ಚುತ್ತೇವೆ. ಆದರೆ ಮಗಳು ಕೇಳಿದ್ದು ಅದಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. 86 ನಿಮಿಷದ ಚಿತ್ರ. ಒಂದು ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಕೂತು ನೋಡಿ. ಮುಗಿದ ಮೇಲೆ ಟಿ.ವಿ. ಆರಿಸಿ, ಮಕ್ಕಳು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ.